ಆಪ್ಟಿಕಲ್ ಕೇಬಲ್‌ನಲ್ಲಿ 5.1 ಸದ್ದು: ಸೌಂಡ್ ಕಾರ್ಡ್ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಸೌಂಡ್ ಕಾರ್ಡ್ ಕೊಂಡಾಗ ಡಬ್ಬದ ಮೇಲೆ ಎರಡೇ ವಿಷಯ ನೋಡಿದ್ದೆ. 5.1 ಎಂದು ದಪ್ಪಕ್ಷರದಲ್ಲಿ ಬರೆದಿತ್ತು, ಅಂದರೆ ಐದು ಸ್ಪೀಕರ್, ಒಂದು ವೂಫರ್. ಹಿಂದೆ ಆಪ್ಟಿಕಲ್ ಔಟ್ ಇತ್ತು. ಮನೆಯ ರಿಸೀವರ್‌ನಲ್ಲೂ (ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ) ಆಪ್ಟಿಕಲ್ ಇನ್ ಇತ್ತು. ಇನ್ನೇನು ಬೇಕು, ಅಲ್ವಾ?

ಕೇಬಲ್ ಸಿಕ್ಕಿಸಿ ಒಂದು ಡಿವಿಡಿ ಹಾಕಿದೆ. ಹಿಂದಿನ ಸ್ಪೀಕರ್‌ಗಳಲ್ಲಿ ಮಳೆ ಸುರಿಯಿತು. ರಿಸೀವರ್‌ನ ಪುಟ್ಟ ಡಿಸ್‌ಪ್ಲೇ ಮೇಲೆ ‘ಡಾಲ್ಬಿ ಡಿಜಿಟಲ್’ ಎಂದು ಬಂತು. ಖುಷಿಯಲ್ಲಿ ಗೇಮ್ ಶುರು ಮಾಡಿದೆ. ಬೆನ್ನ ಹಿಂದೆ ಯಾರೋ ಓಡಿ ಬರುತ್ತಿದ್ದಾರೆ, ಹೆಜ್ಜೆ ಸದ್ದು ಮಾತ್ರ ಮುಂದಿನ ಎರಡು ಸ್ಪೀಕರ್‌ಗಳಲ್ಲಿ! ಡಿಸ್‌ಪ್ಲೇ ನೋಡಿದರೆ ‘ಪಿಸಿಎಂ’, ಅಂದರೆ ಇಲ್ಲಿ ಸಾದಾ ಎರಡು ಚಾನೆಲ್‌ನ ಸದ್ದು. ಹಿಂದಿನ ಸ್ಪೀಕರ್‌ಗೆ ಕಿವಿ ಹಚ್ಚಿ ಕೇಳಿದೆ. ಸುಯ್ ಎನ್ನುವ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ. ಕೇಬಲ್ ಬದಲಿಸಿದೆ. ಡ್ರೈವರ್ ಬದಲಿಸಿದೆ. ಕೊನೆಗೆ ಒಂದು ಭಾನುವಾರ ಪೂರ್ತಿ ಕೂತು ವಿಂಡೋಸನ್ನೇ ಮತ್ತೆ ಹಾಕಿದೆ. ತಪ್ಪು ಇವು ಯಾವುದರಲ್ಲೂ ಇರಲಿಲ್ಲ. ಆ ಕಾರ್ಡ್‌ಗೆ ಆ ಕೆಲಸ ಬರುತ್ತಲೇ ಇರಲಿಲ್ಲ.

ಡಬ್ಬದ ಮೇಲಿನ 5.1 ಸುಳ್ಳಲ್ಲ. ಅದು ಕಾರ್ಡ್‌ನ ಹಿಂದಿರುವ 3.5 ಎಂಎಂ ಜಾಕ್‌ಗಳ ಮಾತು. ಮೂರು ಜಾಕ್, ಒಂದೊಂದರಲ್ಲಿ ಎರಡೆರಡು ಚಾನೆಲ್, ಒಟ್ಟು ಆರು. ಆಪ್ಟಿಕಲ್ ಔಟ್ ಇದ್ದದ್ದೂ ನಿಜ. ಆದರೆ ಈ ಎರಡು ನಿಜಗಳನ್ನು ಕೂಡಿಸಿದರೆ ‘ಆಪ್ಟಿಕಲ್‌ನಲ್ಲಿ 5.1’ ಆಗುವುದಿಲ್ಲ. ಅದಕ್ಕೆ ಕಾರ್ಡ್‌ನಲ್ಲೋ ಡ್ರೈವರ್‌ನಲ್ಲೋ ಆರು ಚಾನೆಲ್‌ಗಳನ್ನು ಒಂದಾಗಿ ಕಟ್ಟುವ ಒಂದು ಎನ್‌ಕೋಡರ್ ಇರಬೇಕು. ಅದು ಇದೆಯೇ ಇಲ್ಲವೇ ಎಂದು ದುಡ್ಡು ಕೊಡುವ ಮುಂಚೆ ತಿಳಿಯುವುದು ಹೇಗೆ, ಅಸಲಿಗೆ ನಿಮಗೆ ಅದು ಬೇಕೇ ಬೇಡವೇ ಎಂಬುದೇ ಈ ಬರಹ.

ಮೊದಲು ಈ ಒಂದು ವಿಷಯ ತಲೆಗೆ ಹೋಗಲಿ

ಕಂಪ್ಯೂಟರ್‌ನ ಆಪ್ಟಿಕಲ್ (ಬೆಳಕಿನಲ್ಲಿ ಕಳಿಸುವುದು) ಮತ್ತು ಕೋಆಕ್ಸಿಯಲ್ (ತಂತಿಯಲ್ಲಿ ಕಳಿಸುವುದು) ಔಟ್‌ಪುಟ್ ಎರಡೂ ಒಂದೇ ಭಾಷೆ ಮಾತಾಡುತ್ತವೆ. ಅದರ ಹೆಸರು ಎಸ್‌ಪಿಡಿಐಎಫ್. ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ್ದು, ಸಿಡಿ ಪ್ಲೇಯರ್ ಕಾಲದ್ದು. ಆಪ್ಟಿಕಲ್ ಪ್ಲಗ್‌ಗೆ ಟಾಸ್‌ಲಿಂಕ್ ಎನ್ನುತ್ತಾರೆ, ಅದು ತೋಷಿಬಾ 1983ರಲ್ಲಿ ತಂದದ್ದು. ಸಿಡಿಗೆ ಎರಡೇ ಚಾನೆಲ್. ಹಾಗಾಗಿ ಈ ಭಾಷೆಯಲ್ಲೂ ಎರಡು ಚಾನೆಲ್‌ಗೆ ಮಾತ್ರ ಜಾಗ ಇಟ್ಟರು.

ಪೈಪ್ ಸಣ್ಣದು, ಅದಕ್ಕೇ 5.1 ಹಿಡಿಸುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಅದು ಅರ್ಧ ಸತ್ಯ ಅಷ್ಟೇ. 48 ಕಿಲೋಹರ್ಟ್ಸ್, 16 ಬಿಟ್, ಆರು ಚಾನೆಲ್ ಎಂದರೆ ಸೆಕೆಂಡಿಗೆ 4.608 ಮೆಗಾಬಿಟ್. 96 ಕಿಲೋಹರ್ಟ್ಸ್, 24 ಬಿಟ್, ಎರಡು ಚಾನೆಲ್‌ನ ಸ್ಟೀರಿಯೊ ಎಂದರೂ ಸರಿಯಾಗಿ ಅದೇ 4.608 ಮೆಗಾಬಿಟ್. ಎರಡನೆಯದು ಒಳ್ಳೆಯ ಆಪ್ಟಿಕಲ್ ಕೇಬಲ್‌ನಲ್ಲಿ ಆರಾಮಾಗಿ ಹೋಗುತ್ತದೆ. ಮೊದಲನೆಯದು ಹೋಗುವುದಿಲ್ಲ. ಯಾಕೆಂದರೆ ಪ್ರತಿ ಫ್ರೇಮ್‌ನಲ್ಲಿ ಎಡಕ್ಕೊಂದು, ಬಲಕ್ಕೊಂದು ಮನೆ ಮಾತ್ರ ಇದೆ. ಮೂರನೆಯವರಿಗೆ ಮನೆಯೇ ಇಲ್ಲ.

ಹಾಗಾದರೆ ನನ್ನ ಡಿವಿಡಿಯಲ್ಲಿ 5.1 ಬಂದದ್ದು ಹೇಗೆ? ಅಲ್ಲಿ ಆರೂ ಚಾನೆಲ್‌ಗಳನ್ನು ಸ್ಟುಡಿಯೊದಲ್ಲೇ ಜಮಖಾನದ ಹಾಗೆ ಸುತ್ತಿ ಕಟ್ಟಿರುತ್ತಾರೆ. ಆ ಕಟ್ಟಿಗೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಎಂದು ಹೆಸರು. ಡಾಲ್ಬಿ ಡಿಜಿಟಲ್ ಜಾಸ್ತಿ ಎಂದರೆ ಸೆಕೆಂಡಿಗೆ 640 ಕಿಲೋಬಿಟ್. ಡಿಟಿಎಸ್ ಸುಮಾರು 1.5 ಮೆಗಾಬಿಟ್. ಇಷ್ಟು ಚಿಕ್ಕದಾದ ಮೇಲೆ ಎರಡು ಚಾನೆಲ್‌ನ ಜಾಗದಲ್ಲೇ ಕೂರುತ್ತದೆ. ಕಂಪ್ಯೂಟರ್ ಆ ಕಟ್ಟನ್ನು ಬಿಚ್ಚದೆ ದಾಟಿಸುತ್ತದೆ, ರಿಸೀವರ್ ಬಿಚ್ಚಿ ಹಾಸುತ್ತದೆ. ಇದಕ್ಕೆ ಪಾಸ್‌ಥ್ರೂ ಎನ್ನುತ್ತಾರೆ.

ಗೇಮ್‌ನಲ್ಲಿ ಹೀಗೆ ಮೊದಲೇ ಕಟ್ಟಿಡಲು ಆಗುವುದಿಲ್ಲ. ನೀವು ತಿರುಗಿದಂತೆ ಸದ್ದೂ ತಿರುಗಬೇಕು. ಆರು ಚಾನೆಲ್ ಆ ಗಳಿಗೆಯಲ್ಲೇ ಹುಟ್ಟುತ್ತವೆ, ಆ ಗಳಿಗೆಯಲ್ಲೇ ಯಾರಾದರೂ ಸುತ್ತಿ ಕಟ್ಟಬೇಕು. ಆ ಕಟ್ಟುವವರೇ ಎನ್‌ಕೋಡರ್. ಡಾಲ್ಬಿ ಕಂಪನಿಯದ್ದರ ಹೆಸರು ಡಾಲ್ಬಿ ಡಿಜಿಟಲ್ ಲೈವ್. ಡಿಟಿಎಸ್ ಕಂಪನಿಯದ್ದು ಡಿಟಿಎಸ್ ಇಂಟರ್‌ಆಕ್ಟಿವ್. ಅದನ್ನೇ ಸ್ಟೀರಿಯೊವನ್ನು ಸರೌಂಡ್ ಆಗಿ ಹಿಗ್ಗಿಸುವ ನಿಯೊ:ಪಿಸಿ ಜೊತೆ ಸೇರಿಸಿ ಡಿಟಿಎಸ್ ಕನೆಕ್ಟ್ ಎಂದು ಮಾರುತ್ತಾರೆ.

ಹಂತ 1: ಕಾರ್ಡ್ ಬಿಡಿ, ರಿಸೀವರ್‌ನ ಬೆನ್ನು ನೋಡಿ

ಮೊಬೈಲ್‌ನ ಟಾರ್ಚ್ ಹಾಕಿ ರಿಸೀವರ್ ಅಥವಾ ಸೌಂಡ್‌ಬಾರ್‌ನ ಹಿಂಭಾಗದ ಒಂದು ಫೋಟೊ ತೆಗೆದುಕೊಳ್ಳಿ. ಅಂಗಡಿಗೆ ಹೋದಾಗಲೂ ಕೆಲಸಕ್ಕೆ ಬರುತ್ತದೆ.

ಎಚ್‌ಡಿಎಂಐ ಇನ್ ಎಂದು ಬರೆದ ಸಾಕೆಟ್ ಇದೆಯೇ? ಇದ್ದರೆ ನಿಮಗೆ ಬಹುಶಃ ಸೌಂಡ್ ಕಾರ್ಡೇ ಬೇಡ. ಸೀದಾ ಹಂತ 4ಕ್ಕೆ ಹೋಗಿ.

ಒಂದೇ ಎಚ್‌ಡಿಎಂಐ ಇದ್ದು, ಅದರ ಪಕ್ಕ ಎಆರ್‌ಸಿ ಎಂದಿದ್ದರೆ ಅದು ಟಿವಿಗೆ ಕೂಡಿಸಲು ಇಟ್ಟದ್ದು. ಕಂಪ್ಯೂಟರ್ ತಂದು ಅದಕ್ಕೆ ಸಿಕ್ಕಿಸಿದರೆ ಸದ್ದು ಬರುವುದಿಲ್ಲ. ನಮ್ಮಲ್ಲಿ ಬಹಳ ಮನೆಗಳಲ್ಲಿ ಕಾಣುವ ಸೋನಿಯ ಎಚ್‌ಟಿ-ಎಸ್20ಆರ್ ಹೀಗೆಯೇ. 5.1 ಸ್ಪೀಕರ್ ಇದೆ, ಒಂದು ಎಆರ್‌ಸಿ, ಒಂದು ಆಪ್ಟಿಕಲ್. ಎಚ್‌ಡಿಎಂಐ ಇನ್ ಇಲ್ಲ. ಇಂಥದ್ದನ್ನು ಇಟ್ಟುಕೊಂಡವರಿಗೇ ಎನ್‌ಕೋಡರ್ ಇರುವ ಕಾರ್ಡ್ ನಿಜಕ್ಕೂ ಬೇಕಾಗುವುದು.

ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಇದ್ದರೆ ಮ್ಯಾನುವಲ್ ತೆಗೆದು, ಅದು ಯಾವ ಕಟ್ಟನ್ನು ಬಿಚ್ಚಬಲ್ಲದು ಎಂದು ನೋಡಿ. ಡಾಲ್ಬಿ ಡಿಜಿಟಲ್ ಸಾಮಾನ್ಯವಾಗಿ ಇರುತ್ತದೆ. ಡಿಟಿಎಸ್ ಎಲ್ಲ ಸೌಂಡ್‌ಬಾರ್‌ಗಳಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಡಿಟಿಎಸ್ ಕನೆಕ್ಟ್ ಇರುವ ಕಾರ್ಡ್ ತಂದು ಪ್ರಯೋಜನವಿಲ್ಲ. ಮೌನವೋ, ಇಲ್ಲವೇ ಕರ್ರ್ ಎಂಬ ಕರ್ಕಶ ಸದ್ದೋ ಬರುತ್ತದೆ.

ಇನ್ನು ‘5.1 ಹೋಮ್ ಥಿಯೇಟರ್’ ಎಂದು ಕಡಿಮೆ ಬೆಲೆಗೆ ಸಿಗುವ ಸೆಟ್‌ಗಳು. ಐದು ಸ್ಪೀಕರ್, ಒಂದು ವೂಫರ್, ಹಿಂದೆ ನೋಡಿದರೆ ಆಕ್ಸ್, ಯುಎಸ್‌ಬಿ, ಬ್ಲೂಟೂತ್ ಮಾತ್ರ. ಇವು ಬರುವ ಸ್ಟೀರಿಯೊವನ್ನೇ ಐದು ಕಡೆಗೂ ಹಂಚುತ್ತವೆ. ಯಾವ ಕಾರ್ಡ್ ತಂದರೂ ಹಿಂದಿನ ಸದ್ದು ಹಿಂದೆ ಬರುವುದಿಲ್ಲ. ಹಿಂದೆ ಆರು ಆರ್‌ಸಿಎ ರಂಧ್ರಗಳಿದ್ದರೆ ಕಥೆ ಬೇರೆ. ಆಗ ಡಿಜಿಟಲ್ ಗೊಡವೆಯೇ ಬೇಡ. ಮದರ್‌ಬೋರ್ಡ್‌ನ ಮೂರು ಜಾಕ್‌ನಿಂದ ಮೂರು ಕೇಬಲ್ ಎಳೆಯಿರಿ, 5.1 ಸಿಗುತ್ತದೆ. ಲಾಜಿಟೆಕ್ ಝಡ್906 ಇರುವವರಿಗೂ ಇದೇ ಮಾತು. ಅದರಲ್ಲಿ ಆಪ್ಟಿಕಲ್ ಎರಡು, ಕೋಆಕ್ಸಿಯಲ್ ಒಂದು ಇದ್ದರೂ, ಆರು ಚಾನೆಲ್ ಅನಲಾಗ್ ಇನ್‌ಪುಟ್ ಕೂಡ ಇದೆ. ಕಂಪ್ಯೂಟರ್ ಪಕ್ಕದಲ್ಲೇ ಇದ್ದರೆ ನಾನು ಅನಲಾಗ್ ದಾರಿಯನ್ನೇ ಹಿಡಿಯುತ್ತೇನೆ. ಕಟ್ಟುವ, ಬಿಚ್ಚುವ ಕೆಲಸವೇ ಇಲ್ಲ, ತಡವೂ ಇಲ್ಲ.

ಹಂತ 2: ಸಿನಿಮಾ ಮಾತ್ರವೋ, ಗೇಮ್ ಕೂಡವೋ?

ಡಿವಿಡಿ, ಬ್ಲೂ-ರೇ, ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟ ಫೈಲ್ ಇಷ್ಟೇ ಸಾಕು ಎನ್ನುವವರಿಗೆ ಎನ್‌ಕೋಡರ್ ಬೇಡ. ಯಾವ ಸಾದಾ ಆಪ್ಟಿಕಲ್ ಔಟ್ ಇದ್ದರೂ ಪಾಸ್‌ಥ್ರೂ ನಡೆಯುತ್ತದೆ. ವಿಎಲ್‌ಸಿಯ ಆಡಿಯೊ ಸೆಟ್ಟಿಂಗ್‌ನಲ್ಲಿ ಪಾಸ್‌ಥ್ರೂ ಆನ್ ಮಾಡಿ, ಮುಗಿಯಿತು. ಬ್ಲೂ-ರೇಯ ದೊಡ್ಡ ಕಟ್ಟುಗಳಾದ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಆಪ್ಟಿಕಲ್‌ನಲ್ಲಿ ಹೋಗುವುದಿಲ್ಲ. ಡಿಟಿಎಸ್-ಎಚ್‌ಡಿ ಒಳಗೆ ಸಾದಾ ಡಿಟಿಎಸ್ ಇರುವುದರಿಂದ ಅಷ್ಟಾದರೂ ದಾಟುತ್ತದೆ.

ಓಟಿಟಿ ನೋಡುವವರಿಗೆ ಒಂದು ಗಂಟು ಇದೆ. ಅಲ್ಲಿನ 5.1 ಹೆಚ್ಚಾಗಿ ಡಾಲ್ಬಿ ಡಿಜಿಟಲ್ ಪ್ಲಸ್. ಹೆಸರು ಒಂದೇ ಥರ ಇದ್ದರೂ ಕಟ್ಟು ಬೇರೆ, ಆಪ್ಟಿಕಲ್‌ಗೆ ಅದು ನಡೆಯುವುದಿಲ್ಲ. ಕಂಪ್ಯೂಟರ್ ಅದನ್ನು ಬಿಚ್ಚಬೇಕು, ಮತ್ತೆ ಸಾದಾ ಡಾಲ್ಬಿ ಡಿಜಿಟಲ್ ಆಗಿ ಕಟ್ಟಬೇಕು. ಅಂದರೆ ಮತ್ತೆ ಎನ್‌ಕೋಡರ್. ಅದೂ ಬ್ರೌಸರ್ 5.1 ಕೊಟ್ಟರೆ ಮಾತ್ರ. ಸ್ಟೀರಿಯೊ ಮಾತ್ರ ಕೊಟ್ಟರೆ ಕಾರ್ಡ್ ಏನೂ ಮಾಡಲಾಗದು.

ಗೇಮ್ ಆಡುವವರಿಗೆ ಪ್ರಶ್ನೆಯೇ ಇಲ್ಲ, ಆಪ್ಟಿಕಲ್ ಎಂದರೆ ಎನ್‌ಕೋಡರ್ ಬೇಕೇ ಬೇಕು.

ಹಂತ 3: ಇರುವುದನ್ನೇ ಪರೀಕ್ಷಿಸಿ

ಹೊಸದು ಕೊಳ್ಳುವ ಮುಂಚೆ ಮದರ್‌ಬೋರ್ಡ್‌ನ ಹಿಂದೆ ಕೈಹಾಕಿ. ಚಿಕ್ಕ ಚೌಕದ ರಂಧ್ರ, ಒಳಗೆ ಕೆಂಪು ಬೆಳಕು ಕಂಡರೆ ಅದೇ ಆಪ್ಟಿಕಲ್ ಔಟ್. ಬೆಳಕು ಇಣುಕುತ್ತಿಲ್ಲ ಎಂದರೆ ಪುಟ್ಟ ಬಾಗಿಲು ಮುಚ್ಚಿರಬಹುದು, ಬೆರಳಿನಿಂದ ಒತ್ತಿ ನೋಡಿ.

ವಿಂಡೋಸ್‌ನಲ್ಲಿ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು, ಪ್ಲೇಬ್ಯಾಕ್ ಪಟ್ಟಿಯಲ್ಲಿ ಡಿಜಿಟಲ್ ಔಟ್‌ಪುಟ್ ಆರಿಸಿ, ಪ್ರಾಪರ್ಟೀಸ್ ಒತ್ತಿ. ಅಲ್ಲಿ ಎರಡು ಟ್ಯಾಬ್ ಮುಖ್ಯ. ‘ಸಪೋರ್ಟೆಡ್ ಫಾರ್ಮ್ಯಾಟ್ಸ್’ನಲ್ಲಿ ಡಾಲ್ಬಿ ಡಿಜಿಟಲ್ ಎಂದು ಇರುತ್ತದೆ, ಪಕ್ಕದಲ್ಲಿ ಟೆಸ್ಟ್ ಬಟನ್. ಒತ್ತಿದರೆ ರಿಸೀವರ್ ಡಾಲ್ಬಿ ಎಂದು ತೋರಿಸಿ, ಸುತ್ತಲೂ ಸದ್ದು ಬರುತ್ತದೆ. ನೋಡಿ, ಎಷ್ಟೋ ಜನ ಬೀಳುವ ಹಳ್ಳ ಇದೇ. ನಾನೂ ಬಿದ್ದಿದ್ದೆ. ಈ ಟೆಸ್ಟ್ ಪಾಸ್‌ಥ್ರೂ ಮಾತ್ರ ಪರೀಕ್ಷಿಸುತ್ತದೆ. ಮೊದಲೇ ಕಟ್ಟಿಟ್ಟ ಒಂದು ತುಣುಕನ್ನು ಕಳಿಸುತ್ತದೆ ಅಷ್ಟೆ. ಎನ್‌ಕೋಡರ್ ಇದೆ ಎಂದು ಇದರಿಂದ ಗೊತ್ತಾಗುವುದಿಲ್ಲ.

ಗೊತ್ತಾಗುವುದು ‘ಅಡ್ವಾನ್ಸ್‌ಡ್’ ಟ್ಯಾಬ್‌ನಲ್ಲಿ. ಅಲ್ಲಿ ಡೀಫಾಲ್ಟ್ ಫಾರ್ಮ್ಯಾಟ್‌ನ ಪಟ್ಟಿ ಇಳಿಸಿ. ರಿಯಲ್‌ಟೆಕ್ ಚಿಪ್ ಇರುವ ಕೆಲವು ಮದರ್‌ಬೋರ್ಡ್‌ಗಳಲ್ಲಿ 44.1, 48, 96 ಎಂಬ ಸಾಲುಗಳ ಕೆಳಗೆ ‘ಡಾಲ್ಬಿ ಡಿಜಿಟಲ್ ಲೈವ್ (5.1 ಸರೌಂಡ್)’ ಅಥವಾ ‘ಡಿಟಿಎಸ್ ಇಂಟರ್‌ಆಕ್ಟಿವ್ (5.1 ಸರೌಂಡ್)’ ಎಂದು ಒಂದು ಸಾಲು ಇರುತ್ತದೆ. ಅದು ಕಂಡರೆ ನಿಮ್ಮ ದುಡ್ಡು ಉಳಿಯಿತು. ಕಾಣದಿದ್ದರೆ ಚಿಪ್ ಹೆಸರು ಹಿಡಿದು ಹುಡುಕಿ ಲಾಭವಿಲ್ಲ. ಒಂದೇ ಚಿಪ್ ಒಂದು ಬೋರ್ಡ್‌ನಲ್ಲಿ ಈ ಸೌಲಭ್ಯ ಕೊಡುತ್ತದೆ, ಇನ್ನೊಂದರಲ್ಲಿ ಕೊಡುವುದಿಲ್ಲ. ಬೋರ್ಡ್ ಕಂಪನಿ ಲೈಸೆನ್ಸ್‌ಗೆ ದುಡ್ಡು ಕಟ್ಟಿತ್ತೇ ಎಂಬುದರ ಮೇಲೆ ನಿಂತಿರುತ್ತದೆ.

ಲೈಸೆನ್ಸ್ ವಿಷಯ ಬಂದದ್ದಕ್ಕೆ ಒಂದು ಮಾತು. 2001ರಲ್ಲೇ ಎನ್‌ವಿಡಿಯಾದ ಎನ್‌ಫೋರ್ಸ್ ಚಿಪ್‌ಸೆಟ್‌ನಲ್ಲಿ ಡಾಲ್ಬಿ ಡಿಜಿಟಲ್ ಎನ್‌ಕೋಡರ್ ಕೂತಿತ್ತು. ಅದೇ ವರ್ಷ ಬಂದ ಮೊದಲ ಎಕ್ಸ್‌ಬಾಕ್ಸ್‌ನಲ್ಲೂ ಇತ್ತು. ಆ ಕಾಲದ ಬೋರ್ಡ್ ಇದ್ದವರು ಒಂದು ಕೇಬಲ್ ಸಿಕ್ಕಿಸಿ 5.1ರಲ್ಲಿ ಗೇಮ್ ಆಡಿದರು. ಆಮೇಲೆ ಎನ್‌ವಿಡಿಯಾ ಅದನ್ನು ಕೈಬಿಟ್ಟಿತು. ಇಷ್ಟು ವರ್ಷ ಕಳೆದು, ಪ್ರೊಸೆಸರ್‌ಗೆ ಈ ಕೆಲಸ ನೊಣ ಓಡಿಸಿದಷ್ಟು ಸುಲಭವಾದ ಮೇಲೂ ನಾವು ಪಟ್ಟಿ ಇಳಿಸಿ ಇಳಿಸಿ ಹುಡುಕುತ್ತಿದ್ದೇವೆ. ಸಿಟ್ಟು ಬರುತ್ತದೆ, ಏನು ಮಾಡುವುದು.

ಹಂತ 4: ಎಚ್‌ಡಿಎಂಐ ದಾರಿ ಇದ್ದರೆ ಅದನ್ನೇ ಹಿಡಿಯಿರಿ

ಎಚ್‌ಡಿಎಂಐ ಕಟ್ಟು ಕಟ್ಟುವುದಿಲ್ಲ, ಎಂಟು ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಹಾಗೇ ಹೊತ್ತೊಯ್ಯುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಬಂದ ಯಾವುದೇ ಗ್ರಾಫಿಕ್ಸ್ ಕಾರ್ಡ್‌ಗೆ ಇದು ಬರುತ್ತದೆ. ರಿಸೀವರ್‌ನಲ್ಲಿ ಎಚ್‌ಡಿಎಂಐ ಇನ್ ಇದ್ದರೆ ಒಂದು ಕೇಬಲ್ ಎಳೆದು, ವಿಂಡೋಸ್‌ನಲ್ಲಿ ಕಾನ್ಫಿಗರ್ ಒತ್ತಿ 5.1 ಅಥವಾ 7.1 ಆರಿಸಿ. ಗೇಮ್, ಸಿನಿಮಾ ಎಲ್ಲವೂ ಸರಿ. ಇಷ್ಟಕ್ಕೆ ಸೌಂಡ್ ಕಾರ್ಡ್ ಕೊಂಡವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಅಟ್ಮಾಸ್ (ತಲೆಯ ಮೇಲಿಂದಲೂ ಸದ್ದು ಬರುವ ಡಾಲ್ಬಿ ವ್ಯವಸ್ಥೆ) ಬೇಕು ಎನ್ನುವವರಿಗೂ ಇದೇ ದಾರಿ, ಆಪ್ಟಿಕಲ್‌ನಲ್ಲಿ ಅಟ್ಮಾಸ್ ಇಲ್ಲ.

ಕಿರಿಕಿರಿಗಳೂ ಇವೆ. ರಿಸೀವರನ್ನು ಎರಡನೇ ಎಚ್‌ಡಿಎಂಐಗೆ ಹಾಕಿದರೆ ವಿಂಡೋಸ್ ಅದನ್ನು ಇನ್ನೊಂದು ಮಾನಿಟರ್ ಎಂದೇ ತಿಳಿಯುತ್ತದೆ. ಮೌಸ್ ಬಾಣ ಪರದೆಯ ಅಂಚು ದಾಟಿ ಕಾಣದ ಊರಿಗೆ ಹೋಗಿಬಿಡುತ್ತದೆ. ರಿಸೀವರ್ ಆಫ್ ಮಾಡಿದರೆ ತೆರೆದಿಟ್ಟ ಕಿಟಕಿಗಳೆಲ್ಲ ಜಾಗ ಬದಲಿಸುತ್ತವೆ. ಮಾನಿಟರನ್ನೇ ರಿಸೀವರ್ ಮೂಲಕ ಹಾಯಿಸೋಣ ಎಂದರೆ, ಹಳೆಯ ರಿಸೀವರ್ 144 ಹರ್ಟ್ಸ್ ದಾಟಿಸುವುದಿಲ್ಲ. ವೇಗದ ಮಾನಿಟರ್, ಹಳೆಯ ರಿಸೀವರ್ ಎರಡೂ ಇರುವವರು ಇವತ್ತಿಗೂ ಆಪ್ಟಿಕಲ್ ಕಾರ್ಡ್ ಹುಡುಕುವುದು ಇದಕ್ಕೇ. ಅದು ಸರಿಯಾದ ಕಾರಣ.

ಕಂಪ್ಯೂಟರ್‌ನಿಂದ ಟಿವಿಗೆ, ಟಿವಿಯಿಂದ ಎಆರ್‌ಸಿಯಲ್ಲಿ ಸೌಂಡ್‌ಬಾರ್‌ಗೆ ಎಂಬ ಸುತ್ತು ದಾರಿ ಕೇಳಲು ಚೆಂದ. ಎಚ್‌ಡಿಎಂಐಯಲ್ಲಿ ಟಿವಿ ತನ್ನ ಬಗ್ಗೆ ಕಂಪ್ಯೂಟರ್‌ಗೆ ಒಂದು ಪರಿಚಯ ಚೀಟಿ ಕೊಡುತ್ತದೆ. ‘ನನಗೆ ಬಿಡಿ ಚಾನೆಲ್ ಎರಡೇ ಬರುತ್ತವೆ’ ಎಂದು ಚೀಟಿಯಲ್ಲಿ ಇದ್ದರೆ, ವಿಂಡೋಸ್ 5.1 ಎಂಬ ಆಯ್ಕೆಯನ್ನೇ ತೋರಿಸುವುದಿಲ್ಲ. ಸೌಂಡ್‌ಬಾರ್ ಎಷ್ಟೇ ಒಳ್ಳೆಯದಿದ್ದರೂ ಅಷ್ಟೇ. ಟಿವಿ, ಸೌಂಡ್‌ಬಾರ್ ಎರಡರಲ್ಲೂ ಎಆರ್‌ಸಿಯ ಹೊಸ ರೂಪವಾದ ಇ-ಎಆರ್‌ಸಿ ಇದ್ದರೆ ಆರು ಚಾನೆಲ್ ದಾಟುವ ಅವಕಾಶ ಇದೆ.

ಹಾಗೆಯೇ ‘ಎಚ್‌ಡಿಎಂಐ ಆಡಿಯೊ ಎಕ್ಸ್‌ಟ್ರಾಕ್ಟರ್’ ಎಂಬ ಪುಟ್ಟ ಡಬ್ಬಿ ಮಾರುತ್ತಾರೆ. ಎಚ್‌ಡಿಎಂಐ ಒಳಗೆ, ಆಪ್ಟಿಕಲ್ ಹೊರಗೆ. ಅದು ಕಟ್ಟಿ ಬಂದದ್ದನ್ನು ದಾಟಿಸುತ್ತದೆ, ತಾನಾಗಿ ಕಟ್ಟುವುದಿಲ್ಲ. ಗೇಮ್‌ಗೆ ಅದರಿಂದ ಸಿಗುವುದು ಸ್ಟೀರಿಯೊ.

ಹಂತ 5: ಕಾರ್ಡ್‌ನ ವಿವರ ಓದುವುದು

ಇಲ್ಲಿಯವರೆಗೆ ಬಂದಿದ್ದೀರಿ ಎಂದರೆ ನಿಮಗೆ ಕಾರ್ಡ್ ಬೇಕು ಎಂದಾಯಿತು. ಈಗ ಆನ್‌ಲೈನ್‌ನಲ್ಲಿ ಉತ್ಪನ್ನದ ಹೆಡಿಂಗ್ ನಂಬಬೇಡಿ. ಕಂಪನಿಯ ಸ್ಪೆಸಿಫಿಕೇಶನ್ ಪುಟಕ್ಕೆ ಹೋಗಿ. ಅಲ್ಲಿ ಹುಡುಕಬೇಕಾದ ಪದ ‘ಡಾಲ್ಬಿ ಡಿಜಿಟಲ್ ಲೈವ್’, ‘ಡಿಟಿಎಸ್ ಕನೆಕ್ಟ್’ ಅಥವಾ ಸ್ಪಷ್ಟವಾಗಿ ‘ಎನ್‌ಕೋಡಿಂಗ್’.

‘ಡಿಕೋಡಿಂಗ್’ ಎಂದಿದ್ದರೆ ಎಚ್ಚರ. ಅದು ಕಟ್ಟು ಬಿಚ್ಚುವ ಕೆಲಸ. ಗೇಮ್ ಕನ್ಸೋಲ್‌ನ ಆಪ್ಟಿಕಲ್ ತಂದು ಕಾರ್ಡ್‌ಗೆ ಹಾಕಿ, ಹೆಡ್‌ಫೋನ್‌ನಲ್ಲಿ ಕೇಳುವವರಿಗೆ ಅದು. ಸೌಂಡ್ ಬ್ಲಾಸ್ಟರ್‌ಎಕ್ಸ್ ಜಿ6 ಎಂಬ ಹೆಸರಾಂತ ಯುಎಸ್‌ಬಿ ಡಬ್ಬಿ ಡಾಲ್ಬಿ ಡಿಕೋಡಿಂಗ್ ಎಂದು ಹೇಳಿಕೊಳ್ಳುವುದು ಈ ಅರ್ಥದಲ್ಲಿ. ಒಂದು ಅಕ್ಷರ ಅತ್ತಿತ್ತ ಆದರೆ ಕೆಲಸವೇ ತಿರುಗುಮುರುಗು.

‘ವರ್ಚುವಲ್ 7.1’, ‘ಡಾಲ್ಬಿ ಅಟ್ಮಾಸ್ ಫಾರ್ ಹೆಡ್‌ಫೋನ್ಸ್’, ‘ಡಿಟಿಎಸ್ ಹೆಡ್‌ಫೋನ್:ಎಕ್ಸ್’ ಇವೆಲ್ಲ ಎರಡು ಕಿವಿಗೆ ಹಾಕುವ ಮಂಕುಬೂದಿ. ಒಳ್ಳೆಯ ಮಂಕುಬೂದಿಯೇ, ಆದರೆ ನಮ್ಮ ಕೆಲಸಕ್ಕಲ್ಲ. ಬರೀ ಡಾಲ್ಬಿ ಲೋಗೊ ಇದ್ದರೂ ಸಾಲದು. ‘32 ಬಿಟ್, 384 ಕಿಲೋಹರ್ಟ್ಸ್’, ‘120 ಡೆಸಿಬಲ್’ ಎಂಬ ಸಂಖ್ಯೆಗಳ ಮೇಲೂ ಕಣ್ಣು ಹಾಯಿಸಬೇಡಿ. ಅವು ಅನಲಾಗ್ ಜಾಕ್‌ನ ಬಡಾಯಿ. ಡಿಜಿಟಲ್ ಔಟ್‌ನಲ್ಲಿ ಹೋಗುವುದು ಸೊನ್ನೆ, ಒಂದು ಅಷ್ಟೇ. ಅದನ್ನು ಸದ್ದು ಮಾಡುವುದು ರಿಸೀವರ್. ನೀವು ಜಾಸ್ತಿ ಕೊಡುವ ದುಡ್ಡು ನೀವು ಬಳಸದ ಜಾಕ್‌ಗೆ ಹೋಗುತ್ತದೆ.

ಹೆಸರು ಹೇಳಿ ಎಂದರೆ ಕೆಲವು ಹೇಳುತ್ತೇನೆ. ಕ್ರಿಯೇಟಿವ್‌ನ ಸೌಂಡ್ ಬ್ಲಾಸ್ಟರ್ ಝಡ್, 2012ರದ್ದು, ಡಾಲ್ಬಿ ಡಿಜಿಟಲ್ ಲೈವ್ ಮತ್ತು ಡಿಟಿಎಸ್ ಕನೆಕ್ಟ್ ಎರಡೂ ಇವೆ. ಅದೇ ಕಂಪನಿಯ ಎಇ-5 ಬಂದಾಗ ಎನ್‌ಕೋಡರ್ ಇರಲಿಲ್ಲ, ಆಮೇಲೆ ಬಂದ ಎಇ-5 ಪ್ಲಸ್‌ನಲ್ಲಿ ಸೇರಿಸಿದರು. ನೋಡಲು ಎರಡೂ ಅಣ್ಣತಮ್ಮಂದಿರು. ‘ಪ್ಲಸ್’ ಎಂಬ ಒಂದು ಪದದಲ್ಲಿ ನಿಮ್ಮ ಹಿಂದಿನ ಸ್ಪೀಕರ್‌ಗಳ ಜೀವ ಇದೆ. ಅಸುಸ್‌ನ ಹಳೆಯ ಝೋನಾರ್ ಡಿಎಕ್ಸ್‌ನಲ್ಲಿ ಡಾಲ್ಬಿ ಡಿಜಿಟಲ್ ಲೈವ್ ಇದೆ.

ಡಾಲ್ಬಿಯೋ ಡಿಟಿಎಸ್ಸೋ? ಸಂಖ್ಯೆ ನೋಡಿದರೆ ಡಿಟಿಎಸ್ ದೊಡ್ಡದು. ಗೇಮ್‌ನ ಗದ್ದಲದಲ್ಲಿ ನನ್ನ ಕಿವಿಗೆ ವ್ಯತ್ಯಾಸ ಸಿಕ್ಕಿಲ್ಲ. ರಿಸೀವರ್‌ಗೆ ಯಾವುದು ಬರುತ್ತದೋ ಅದೇ ಒಳ್ಳೆಯದು.

ಸ್ಲಾಟ್ ಮರೆಯಬೇಡಿ. ಹಳೆಯ ಪಿಸಿಐ ಕಾರ್ಡ್ ಇಂದಿನ ಬೋರ್ಡ್‌ಗೆ ಕೂರುವುದಿಲ್ಲ, ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಇರಬೇಕು. ಕಂಪ್ಯೂಟರ್‌ನ ಪಕ್ಕದ ತಗಡು ಬಿಚ್ಚಿ ನೋಡಿ. ದಪ್ಪ ಗ್ರಾಫಿಕ್ಸ್ ಕಾರ್ಡ್ ಆ ಪುಟ್ಟ ಸ್ಲಾಟ್‌ನ ಮೇಲೆ ಎಮ್ಮೆ ಮಲಗಿದ ಹಾಗೆ ಮಲಗಿರಬಹುದು. ಹಾಗಿದ್ದರೆ, ಅಥವಾ ನಿಮ್ಮದು ಲ್ಯಾಪ್‌ಟಾಪ್ ಆಗಿದ್ದರೆ, ಎನ್‌ಕೋಡರ್ ಇರುವ ಯುಎಸ್‌ಬಿ ಕಾರ್ಡ್ ಹುಡುಕಿ. ಕೆಲವು ನೂರು ರೂಪಾಯಿಯ, ‘5.1’ ಎಂದು ಬರೆದ ಯುಎಸ್‌ಬಿ ಕಡ್ಡಿಗಳನ್ನು ಮಾತ್ರ ಮುಟ್ಟಬೇಡಿ.

ಹಂತ 6: ಸೆಕೆಂಡ್ ಹ್ಯಾಂಡ್ ಆದರೆ

ಈ ಕಾರ್ಡ್‌ಗಳಲ್ಲಿ ಅರ್ಧಕ್ಕರ್ಧ ಈಗ ಹಳೆಯ ಮಾರುಕಟ್ಟೆಯಲ್ಲೇ ಸಿಗುವುದು. ಬೆಂಗಳೂರಿನವರು ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹಾಕಬಹುದು, ಅಥವಾ ಓಎಲ್‌ಎಕ್ಸ್. ಅಂಗಡಿಯಲ್ಲಿ ‘ಆಪ್ಟಿಕಲ್ ಇದೆಯಾ’ ಎಂದು ಕೇಳಿದರೆ ಇದೆ ಎನ್ನುತ್ತಾರೆ, ಅದು ನಿಜವೂ ಹೌದು. ‘ಡಾಲ್ಬಿ ಡಿಜಿಟಲ್ ಲೈವ್ ಇದೆಯಾ’ ಎಂದರೆ ಸುಮ್ನೆ ಮುಖ ನೋಡುತ್ತಾರೆ. ಮಾಡೆಲ್ ನಂಬರ್ ಓದಿಕೊಂಡು ಅಲ್ಲೇ ಮೊಬೈಲ್‌ನಲ್ಲಿ ಸ್ಪೆಸಿಫಿಕೇಶನ್ ತೆಗೆಯಿರಿ.

ಝೋನಾರ್ ಡಿಎಕ್ಸ್ ಕೊಳ್ಳುವವರು ಎರಡು ಸಣ್ಣ ವಸ್ತು ಕೇಳಿ ಪಡೆಯಬೇಕು. ಅದರ ಆಪ್ಟಿಕಲ್ ಒಂದು ದುಂಡನೆಯ 3.5 ಎಂಎಂ ಜಾಕ್‌ನ ಒಳಗೇ ಇದೆ. ಕಡಲೆಕಾಯಿ ಗಾತ್ರದ ಒಂದು ಪ್ಲಾಸ್ಟಿಕ್ ಅಡಾಪ್ಟರ್ ಇಲ್ಲದೆ ಚೌಕದ ಕೇಬಲ್ ಕೂರುವುದಿಲ್ಲ. ಇನ್ನೊಂದು, ಕಾರ್ಡ್‌ಗೆ ಪ್ರತ್ಯೇಕ ಪವರ್ ಬೇಕು. ಹಳೆಯ ಫ್ಲಾಪಿ ಡ್ರೈವ್‌ಗೆ ಬರುತ್ತಿದ್ದ ಪುಟ್ಟ ನಾಲ್ಕು ಪಿನ್ನಿನದು. ಹೊಸ ಎಸ್‌ಎಂಪಿಎಸ್‌ಗಳಲ್ಲಿ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಅದು ಇರುವುದೇ ಅಪರೂಪ, ಕನ್ವರ್ಟರ್ ಹುಡುಕಬೇಕು. ಇದರ ಕಂಪನಿ ಡ್ರೈವರ್‌ಗಳೂ ಹಳತಾಗಿವೆ, ಬಳಕೆದಾರರೇ ಹೊಂದಿಸಿದ ಡ್ರೈವರ್ ಹಾಕಿಕೊಳ್ಳುವವರು ಬಹಳ.

ಕ್ರಿಯೇಟಿವ್‌ನ ಹಳೆಯ ಎಕ್ಸ್-ಫೈ ಕಾರ್ಡ್‌ಗಳಲ್ಲಿ ಕೆಲವಕ್ಕೆ ಎನ್‌ಕೋಡರನ್ನು ಆಮೇಲೆ ಪ್ರತ್ಯೇಕವಾಗಿ ಮಾರಿದ್ದರು. ಹಿಂದಿನ ಮಾಲೀಕರು ಅದನ್ನು ಕೊಂಡಿರದಿದ್ದರೆ ನಿಮ್ಮ ಕೈಗೆ ಬರೀ ಕಾರ್ಡ್ ಬರುತ್ತದೆ. ಆದ್ದರಿಂದ ಮಾರುವವರಿಗೆ ‘ಸೆಟ್ಟಿಂಗ್‌ನಲ್ಲಿ ಡಾಲ್ಬಿ ಡಿಜಿಟಲ್ ಲೈವ್ ಆನ್ ಆಗಿರುವ ಸ್ಕ್ರೀನ್‌ಶಾಟ್ ಕಳಿಸಿ’ ಎಂದು ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ.

ಹಂತ 7: ಕಾಸಿಲ್ಲದೆ ಆಗುವುದೇ?

ಲಿನಕ್ಸ್ ಬಳಸುವವರಿಗೆ ಹೌದು. ಲಿನಕ್ಸ್‌ನ ಸದ್ದಿನ ವ್ಯವಸ್ಥೆಯಾದ ಆಲ್ಸಾದ ಪ್ಲಗಿನ್‌ಗಳಲ್ಲಿ ಎ52 ಎಂಬುದು ಇದೆ. ಯಾವ ಸಾದಾ ಆಪ್ಟಿಕಲ್ ಔಟ್ ಇದ್ದರೂ ಆರು ಚಾನೆಲ್ಲನ್ನು ಡಾಲ್ಬಿ ಡಿಜಿಟಲ್ ಆಗಿ ಕಟ್ಟಿ ಕಳಿಸುತ್ತದೆ. ಒಂದೆರಡು ಗಂಟೆ ಕಾನ್ಫಿಗರೇಶನ್ ಫೈಲ್ ಜೊತೆ ಗುದ್ದಾಡಲು ತಯಾರಿರಬೇಕು.

ವಿಂಡೋಸ್‌ನಲ್ಲಿ ಸಿನಿಮಾ ಮಟ್ಟಿಗೆ ಸುಲಭ. ಕೋಡಿ ಎಂಬ ಸಿನಿಮಾ ಪ್ಲೇಯರ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಪಾಸ್‌ಥ್ರೂ ಆನ್ ಮಾಡಿ, ಚಾನೆಲ್ 2.0 ಇಟ್ಟರೆ, ಡಾಲ್ಬಿ ಡಿಜಿಟಲ್‌ಗೆ ಟ್ರಾನ್ಸ್‌ಕೋಡ್ ಮಾಡುವ, ಅಂದರೆ ಬಿಚ್ಚಿ ಮತ್ತೆ ಕಟ್ಟುವ ಆಯ್ಕೆ ಸಿಗುತ್ತದೆ. ಎಎಸಿ (ಇನ್ನೊಂದು ಬಗೆಯ ಕಟ್ಟು) 5.1 ಇರುವ ಫೈಲ್ ಕೂಡ ಆಪ್ಟಿಕಲ್‌ನಲ್ಲಿ ಆರು ಕಡೆ ಕೇಳುತ್ತದೆ. ಎಂಪಿವಿ ಪ್ಲೇಯರ್‌ನಲ್ಲೂ ಇಂಥದ್ದೇ ಫಿಲ್ಟರ್ ಇದೆ. ಗೇಮ್‌ಗೆ ಈ ದಾರಿ ಇಲ್ಲ.

ಹಂತ 8: ಸಿಕ್ಕಿಸಿ, ಹೊಂದಿಸಿ, ಪರೀಕ್ಷಿಸಿ

ಹೊಸ ಆಪ್ಟಿಕಲ್ ಕೇಬಲ್‌ನ ಎರಡೂ ತುದಿಗೆ ಪಾರದರ್ಶಕ ಟೋಪಿ ಇರುತ್ತದೆ. ಅದನ್ನು ತೆಗೆಯಿರಿ. ನಗಬೇಡಿ, ಟೋಪಿ ಸಮೇತ ಒತ್ತಿ ಒತ್ತಿ ಸಾಕೆಟ್ ಮುರಿದವರನ್ನು ನೋಡಿದ್ದೇನೆ. ಕೇಬಲ್ಲನ್ನು ಗೋಡೆ ಮೂಲೆಯಲ್ಲಿ ಚೂಪಾಗಿ ಮಡಚಬೇಡಿ, ಒಳಗೆ ಸೀಳುತ್ತದೆ. ಐದು ಮೀಟರ್ ಒಳಗಿದ್ದರೆ ಒಳ್ಳೆಯದು. ಚಿನ್ನದ ಲೇಪ ಇರುವ ಕೇಬಲ್ ಬೇಡ, ಬೆಳಕಿಗೆ ಚಿನ್ನ ಯಾಕೆ? ಕೋಆಕ್ಸಿಯಲ್ ಆದರೆ ಹಳೆಯ ಡಿವಿಡಿ ಪ್ಲೇಯರ್ ಜೊತೆ ಬಂದ ಹಳದಿ ವಿಡಿಯೊ ಕೇಬಲ್ ಸಾಕು. ಮನೆಯ ಅರ್ಥಿಂಗ್ ಸರಿಯಿಲ್ಲದೆ ಸ್ಪೀಕರ್‌ನಲ್ಲಿ ಗುಂಯ್ ಎನ್ನುತ್ತಿದ್ದರೆ ಆಪ್ಟಿಕಲ್ ಹಾಕಿ. ಅದರಲ್ಲಿ ಕರೆಂಟ್ ದಾರಿಯೇ ಇಲ್ಲ, ಗುಂಯ್ ದಾಟುವುದಿಲ್ಲ.

ಡ್ರೈವರ್ ಹಾಕಿದ ಮೇಲೆ ಕಾರ್ಡ್‌ನ ತಂತ್ರಾಂಶದಲ್ಲಿ ಎನ್‌ಕೋಡರ್ ಆನ್ ಮಾಡಿ, ಸ್ಯಾಂಪಲ್ ದರ 48 ಕಿಲೋಹರ್ಟ್ಸ್ ಇಡಿ, ಸ್ಪೀಕರ್ ಸಂಖ್ಯೆ 5.1 ಮಾಡಿ. ವಿಂಡೋಸ್‌ನಲ್ಲಿ ಅದೇ ಔಟ್‌ಪುಟ್ ಡೀಫಾಲ್ಟ್ ಆಗಿರಲಿ. ಗೇಮ್‌ನ ಒಳಗೂ ಸ್ಟೀರಿಯೊ ಬದಲು ಸರೌಂಡ್ ಆರಿಸಬೇಕು. ಇದನ್ನು ಮರೆತು ಕಾರ್ಡ್‌ಗೆ ಬೈದವರು ಜಾಸ್ತಿ.

ಈಗ ರಿಸೀವರ್‌ನ ಡಿಸ್‌ಪ್ಲೇ ನೋಡಿ. ಒಳಗಿನ ರಿಲೇ ಟಿಕ್ ಎಂದು, ‘ಪಿಸಿಎಂ’ ಹೋಗಿ ‘ಡಾಲ್ಬಿ ಡಿಜಿಟಲ್’ ಬಂದು ಅಲ್ಲೇ ನಿಲ್ಲಬೇಕು. ಏನೂ ಹಾಡದಿದ್ದಾಗಲೂ ನಿಲ್ಲಬೇಕು, ಯಾಕೆಂದರೆ ಎನ್‌ಕೋಡರ್ ಮೌನವನ್ನೂ ಕಟ್ಟಿ ಕಳಿಸುತ್ತಿರುತ್ತದೆ. ಸೌಂಡ್‌ಬಾರ್‌ನಲ್ಲಿ ಡಿಸ್‌ಪ್ಲೇ ಇಲ್ಲದಿದ್ದರೆ ಯಾವ ಬಣ್ಣದ ದೀಪಕ್ಕೆ ಏನರ್ಥ ಎಂದು ಮ್ಯಾನುವಲ್ ನೋಡಿ. ಬರೀ ಕಿವಿಯನ್ನು ನಂಬಬೇಡಿ. ರಿಸೀವರ್‌ನ ಪ್ರೊಲಾಜಿಕ್ ಥರದ ಸೆಟ್ಟಿಂಗ್ ಸ್ಟೀರಿಯೊವನ್ನೇ ಹಿಂದಕ್ಕೂ ಹರಡಿ ಮೋಸ ಮಾಡುತ್ತದೆ.

ಖಚಿತ ಮಾಡಲು ವಿಂಡೋಸ್‌ನ ಕಾನ್ಫಿಗರ್ ಪರದೆಯಲ್ಲಿ ಹಿಂದಿನ ಎಡ ಸ್ಪೀಕರ್ ಚಿತ್ರ ಒತ್ತಿ. ಸದ್ದು ಅಲ್ಲಿ ಮಾತ್ರ ಬರಬೇಕು. ಪಕ್ಕದ್ದರಲ್ಲಿ ಪಿಸುಗುಟ್ಟಿದರೂ ಏನೋ ತಪ್ಪಿದೆ.

ಇನ್ನು ತಡದ ವಿಷಯ. ಡಾಲ್ಬಿ ಡಿಜಿಟಲ್‌ನ ಒಂದು ಕಟ್ಟಿಗೆ 1,536 ಸ್ಯಾಂಪಲ್ ಬೇಕು. 48 ಕಿಲೋಹರ್ಟ್ಸ್‌ನಲ್ಲಿ ಅದು 32 ಮಿಲಿಸೆಕೆಂಡ್. ಅಷ್ಟು ಸೇರುವ ತನಕ ಕಟ್ಟಲು ಆಗುವುದಿಲ್ಲ, ಮೇಲೆ ಬಿಚ್ಚುವ ಸಮಯ ಬೇರೆ. ಕಥೆ ಇರುವ ಗೇಮ್‌ಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಗುಂಡು ಹಾರಿಸುವ ಆನ್‌ಲೈನ್ ಗೇಮ್‌ಗಳಲ್ಲಿ ಬೆರಳು ಒತ್ತಿದ ಮೇಲೆ ಢಂ ಎನ್ನುವುದು ಒಂಚೂರು ಸೋಮಾರಿ ಅನಿಸಬಹುದು. ನಾನು ಅಂಥ ಗೇಮ್‌ಗೆ ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ. ಕೀಬೋರ್ಡ್ ನುಡಿಸಿ ರೆಕಾರ್ಡ್ ಮಾಡುವವರು ಎನ್‌ಕೋಡರ್ ಆಫ್ ಮಾಡಲೇಬೇಕು.

ಕೊನೆಯದಾಗಿ, ಕಾರ್ಡ್ ಬಂದ ದಿನವೇ ಈ ಪರೀಕ್ಷೆ ಮಾಡಿ. ಡಬ್ಬ, ಬಿಲ್ಲು, ಆ ಪುಟ್ಟ ಅಡಾಪ್ಟರ್ ಎಲ್ಲ ಒಂದೇ ಕವರ್‌ನಲ್ಲಿ ಇಟ್ಟಿರಿ. ವಾಪಸ್ ಮಾಡುವ ಗಡುವು ಮುಗಿದ ಮೇಲೆ ನನ್ನ ಹಾಗೆ ವಿಂಡೋಸ್ ಮತ್ತೆ ಹಾಕುತ್ತ ಭಾನುವಾರ ಕಳೆಯಬೇಡಿ.